ಶಾ ಕಾರಿನ ಹೊಳಪಿನಡಿಯ ಚರಿತ್ರೆ

ಹಳೆಯ ಕಾರೊಂದು ಮಾರಾಟಕ್ಕೆ ಬಂದಾಗ ನಾವು ಕೇಳುವ ಪ್ರಶ್ನೆಗಳು ಸರಳ. ಎಷ್ಟು ಓಡಿದೆ? ಎಲ್ಲಾದರೂ ಗುದ್ದಿದೆಯೇ? ಟಯರ್ ಹೇಗಿದೆ? ವಿಮೆ ಇದೆಯೇ? ವರ್ಷ ಕಳೆದಷ್ಟೂ ಬೆಲೆ ಇಳಿಯುತ್ತದೆ. ಕೊನೆಗೆ ಉಳಿಯುವುದು ಗುಜರಿಯವನ ತಕ್ಕಡಿ. ಆದರೆ ಜಗತ್ತಿನ ಶ್ರೀಮಂತರ ಒಂದು ಪುಟ್ಟ ವಲಯದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ಕಾರು ಹಳತಾದಷ್ಟೂ ದುಬಾರಿ. ಇಟಲಿಯ ಫೆರಾರಿ ಕಂಪೆನಿ 1962ರಲ್ಲಿ ತಯಾರಿಸಿದ 250 ಜಿಟಿಒ ಎಂಬ ಕಾರು 2018ರಲ್ಲಿ ಅಮೆರಿಕದಲ್ಲಿ ನಡೆದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾಯಿತು. 2023ರಲ್ಲಿ ಅದೇ ಕುಲದ ಇನ್ನೊಂದು ಕಾರು ನ್ಯೂಯಾರ್ಕಿನಲ್ಲಿ ಐದು ಕೋಟಿ ಡಾಲರನ್ನೂ ದಾಟಿತು.

ಇಂತಹ ಕಾರು ಹರಾಜಿಗೆ ಬಂದಾಗ ಅದರ ಜೊತೆ ಒಂದು ಪುಸ್ತಿಕೆಯೂ ಬರುತ್ತದೆ. ಷಾಸಿಯ ಸಂಖ್ಯೆ ಏನು, ಇಂಜಿನ್ ಮೂಲದ್ದೇ ಅಥವಾ ಬದಲಾಯಿಸಿದ್ದೇ, ಮೊದಲ ಬಣ್ಣ ಯಾವುದು, ಯಾರ ಕೈಯಿಂದ ಯಾರ ಕೈಗೆ ಬಂತು, ಜೀರ್ಣೋದ್ಧಾರ ಮಾಡಿದವರು ಯಾರು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಹಳೆಯ ಒಡೆಯರ ಪಟ್ಟಿಯಲ್ಲಿ ಒಬ್ಬ ರಾಜನೋ ನಟನೋ ಇದ್ದರೆ ಬೆಲೆ ಇನ್ನಷ್ಟು ಏರುತ್ತದೆ. ಅಂದರೆ ಇಲ್ಲಿ ಮಾರಾಟವಾಗುವುದು ಲೋಹ ಮಾತ್ರವಲ್ಲ, ಚರಿತ್ರೆಯೂ ಹೌದು. ಹಾಗಾದರೆ ಯಾವ ಚರಿತ್ರೆ? ಪುಸ್ತಿಕೆಯಲ್ಲಿ ಎಷ್ಟನ್ನು ಬರೆಯಲಾಗುತ್ತದೆ, ಎಷ್ಟನ್ನು ಬಿಡಲಾಗುತ್ತದೆ? ಇರಾನಿನ ದೊರೆ ಮುಹಮ್ಮದ್ ರಝಾ ಶಾ ಪಹ್ಲವಿಗಾಗಿ ತಯಾರಾದ ಮಸೆರಾಟಿ 5000 ಜಿಟಿ ಎಂಬ ಕಾರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಗ್ರಾನ್ ಟುರಿಸ್ಮೊ

ಜಿಟಿ ಎಂಬ ಎರಡಕ್ಷರ ಇಂದು ಅಗ್ಗದ ಬೈಕುಗಳ ಮೇಲೂ ಕಾಣಸಿಗುತ್ತದೆ. ಅದು ‘ಗ್ರಾನ್ ಟುರಿಸ್ಮೊ’ ಎಂಬ ಇಟಾಲಿಯನ್ ಮಾತಿನ ಸಂಕ್ಷೇಪ. ದೊಡ್ಡ ಪ್ರವಾಸ ಎಂದರ್ಥ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ವಿದ್ಯಾಭ್ಯಾಸದ ಕೊನೆಯ ಹಂತವೆಂಬಂತೆ ಫ್ರಾನ್ಸ್, ಇಟಲಿಗಳನ್ನು ಸುತ್ತಿ ಬರುತ್ತಿದ್ದರು. ಆ ಸುತ್ತಾಟಕ್ಕೆ ‘ಗ್ರಾಂಡ್ ಟೂರ್’ ಎಂದು ಹೆಸರು. ಕುದುರೆಗಾಡಿ ಹೋಗಿ ಕಾರು ಬಂದ ಮೇಲೆ ಹೆಸರು ಕಾರಿಗೆ ಅಂಟಿಕೊಂಡಿತು. ರೇಸಿನ ಕಾರಿನ ಶಕ್ತಿ ಇರಬೇಕು, ಆದರೆ ಸೀಟು ಮೆತ್ತಗಿರಬೇಕು. ಇಬ್ಬರು ತಮ್ಮ ಪೆಟ್ಟಿಗೆಗಳೊಂದಿಗೆ ಬೆಳಿಗ್ಗೆ ಮಿಲಾನಿನಿಂದ ಹೊರಟರೆ ಆಯಾಸವಿಲ್ಲದೆ ದೂರದ ಊರನ್ನು ತಲುಪಬೇಕು. ಇದು ಗ್ರಾನ್ ಟುರಿಸ್ಮೊ ಕಾರಿನ ಕಲ್ಪನೆ. 1951ರಲ್ಲಿ ಲಾನ್ಸಿಯಾ ಕಂಪೆನಿ ತಂದ ಅವುರೇಲಿಯಾ ಬಿ20 ಈ ಮಾದರಿಗೆ ಯುದ್ಧಾನಂತರದ ರೂಪವನ್ನು ಕೊಟ್ಟಿತು.

ಆ ಕಾಲದ ಇಟಲಿಯನ್ನೂ ನೆನಪಿಸಿಕೊಳ್ಳಬೇಕು. ಮುಸೊಲಿನಿಯ ಫ್ಯಾಶಿಸಮ್ ದೇಶವನ್ನು ಯುದ್ಧಕ್ಕೆ ನೂಕಿ ಸೋಲಿನಲ್ಲಿ ಬಿಟ್ಟುಹೋಗಿತ್ತು. ಸೇತುವೆಗಳು, ಕಾರ್ಖಾನೆಗಳು ನೆಲಸಮವಾಗಿದ್ದವು. ಅಲ್ಲಿಂದ ಹದಿನೈದೇ ವರ್ಷಗಳಲ್ಲಿ ಆ ದೇಶ ‘ಆರ್ಥಿಕ ಪವಾಡ’ ಎಂದು ಕರೆಯಲಾದ ಬೆಳವಣಿಗೆಯನ್ನು ಕಂಡಿತು. ದಕ್ಷಿಣದ ಬಡ ಹಳ್ಳಿಗಳಿಂದ ಲಕ್ಷಾಂತರ ಜನ ಉತ್ತರದ ಟ್ಯೂರಿನ್, ಮಿಲಾನ್ ಕಾರ್ಖಾನೆಗಳಿಗೆ ವಲಸೆ ಹೋದರು. 1956ರಲ್ಲಿ ಆರಂಭವಾಗಿ 1964ರಲ್ಲಿ ಮುಗಿದ ‘ಸೂರ್ಯನ ಹೆದ್ದಾರಿ’ ಮಿಲಾನನ್ನು ನೇಪಲ್ಸಿಗೆ ಜೋಡಿಸಿತು. ಕಾರ್ಮಿಕನಿಗೆ ಪುಟ್ಟ ಫಿಯೆಟ್ ಬಂತು. ನಮ್ಮ ರಸ್ತೆಗಳಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ದಶಕಗಳ ಕಾಲ ಓಡಿದ ಕಾರಿನ ಮೂಲವೂ ಅದೇ ಫಿಯೆಟ್‌ನ 1100 ಮಾದರಿ. ಶ್ರೀಮಂತನಿಗೆ ಬಂದದ್ದು ಗ್ರಾನ್ ಟುರಿಸ್ಮೊ. ಎರಡೂ ಒಂದೇ ಕಾಲದ ಮಕ್ಕಳು.

ಮೊಡೆನಾದ ಆರು ಮಂದಿ

ಮಸೆರಾಟಿ ಸಹೋದರರು 1914ರಲ್ಲಿ ಬೊಲೋನ್ಯಾ ನಗರದಲ್ಲಿ ತಮ್ಮ ಕಾರ್ಯಾಗಾರವನ್ನು ಸ್ಥಾಪಿಸಿದರು. ಆ ನಗರದ ನೆಪ್ಚೂನ್ ಪ್ರತಿಮೆಯ ಕೈಯಲ್ಲಿರುವ ತ್ರಿಶೂಲವೇ ಅವರ ಕಾರಿನ ಲಾಂಛನವಾಯಿತು. 1937ರಲ್ಲಿ ಉಕ್ಕಿನ ಉದ್ಯಮಿ ಅಡಾಲ್ಫೊ ಓರ್ಸಿ ಕಂಪೆನಿಯನ್ನು ಕೊಂಡು, ಬಳಿಕ ಅದನ್ನು ತನ್ನ ಊರಾದ ಮೊಡೆನಾಕ್ಕೆ ಸ್ಥಳಾಂತರಿಸಿದರು. ಕಾರಿನ ಅಭಿಮಾನಿಗಳು ಬರೆಯುವ ಚರಿತ್ರೆಯಲ್ಲಿ ಓರ್ಸಿಯ ಹೆಸರು ಗೌರವದಿಂದ ಬರುತ್ತದೆ. ಅವರ ಕಾಲದಲ್ಲಿ ಕಂಪೆನಿ ದೊಡ್ಡ ರೇಸುಗಳನ್ನು ಗೆದ್ದಿತು. 1957ರಲ್ಲಿ ಹುವಾನ್ ಮ್ಯಾನುವೆಲ್ ಫಾಂಜಿಯೊ ತನ್ನ ಐದನೆಯ ವಿಶ್ವಪ್ರಶಸ್ತಿಯನ್ನು ಪಡೆದದ್ದು ಮಸೆರಾಟಿ ಕಾರಿನಲ್ಲೇ.

ಆದರೆ ಮೊಡೆನಾದ ಕಾರ್ಮಿಕರ ನೆನಪಿನಲ್ಲಿ ಇನ್ನೊಂದು ದಿನವಿದೆ. ಓರ್ಸಿಯ ಒಡೆತನದಲ್ಲಿ ಆ ನಗರದಲ್ಲಿ ಒಂದು ದೊಡ್ಡ ಫೌಂಡ್ರಿಯೂ ಇತ್ತು. ಅಲ್ಲಿ ಕೆಲಸಗಾರರನ್ನು ವಜಾಗೊಳಿಸಿ ಬೀಗಮುದ್ರೆ ಹಾಕಿದ್ದನ್ನು ಪ್ರತಿಭಟಿಸಿ 1950ರ ಜನವರಿ 9ರಂದು ಕಾರ್ಮಿಕರು ಗೇಟಿನ ಮುಂದೆ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಏಂಜೆಲೊ ಅಪ್ಪಿಯಾನಿ, ರೆಂಝೊ ಬೆರ್ಸಾನಿ, ಆರ್ಟುರೊ ಕ್ಯಾಪೆಲ್ಲಿ, ಎನ್ನಿಯೊ ಗರಾನ್ಯಾನಿ, ಆರ್ಟುರೊ ಮಲಗೋಲಿ, ರೊಬೆರ್ಟೊ ರೊವಾಟ್ಟಿ ಎಂಬ ಆರು ಮಂದಿ ಸತ್ತರು. ಮಲಗೋಲಿಯ ಪುಟ್ಟ ತಂಗಿ ಮರೀಸಾಳನ್ನು ಕಮ್ಯುನಿಸ್ಟ್ ನಾಯಕ ಪಾಲ್ಮಿರೊ ಟೊಲ್ಯಾಟ್ಟಿ ಮತ್ತು ನಿಲ್ಡೆ ಯೊಟ್ಟಿ ದಂಪತಿಯಂತೆ ಬಾಳುತ್ತಿದ್ದವರು ಸಾಕುಮಗಳಾಗಿ ಸ್ವೀಕರಿಸಿದರು. ಯೊಟ್ಟಿ ಮುಂದೆ ಇಟಲಿಯ ಸಂಸತ್ತಿನ ಕೆಳಮನೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಈ ಆರು ಹೆಸರುಗಳಿಗೂ ತ್ರಿಶೂಲದ ಲಾಂಛನಕ್ಕೂ ನೇರ ಸಂಬಂಧವಿಲ್ಲ ಎಂದು ಹೇಳಬಹುದು. ಒಡೆಯ ಒಬ್ಬನೇ, ಊರು ಒಂದೇ, ಕಾಲವೂ ಅದೇ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಕಾರುಗಳು ಹುಟ್ಟಿದ್ದು ಇಂತಹ ಕೈಗಳಿಂದಲೇ. ಮಿಲಾನಿನ ಟೂರಿಂಗ್ ಎಂಬ ಸಂಸ್ಥೆ ‘ಸೂಪರ್‌ಲೆಜ್ಜೆರಾ’, ಅಂದರೆ ಅತಿ ಹಗುರ ಎಂಬ ವಿಧಾನವನ್ನು ರೂಢಿಗೆ ತಂದಿತ್ತು. ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ಬೆಸೆದು ಪಂಜರದಂತೆ ಹೆಣೆದು, ಅದರ ಮೇಲೆ ಕೈಯಿಂದ ಬಡಿದ ಅಲ್ಯೂಮಿನಿಯಂ ಹಾಳೆಗಳನ್ನು ಹೊದಿಸುವುದು ಅದರ ಕ್ರಮ. ಹಾಳೆಗೆ ವಕ್ರತೆ ಬರುತ್ತಿದ್ದುದು ಯಂತ್ರದ ಅಚ್ಚಿನಿಂದಲ್ಲ, ಸುತ್ತಿಗೆಯಿಂದ. ಕಣ್ಣಿಗಿಂತ ಅಂಗೈಯನ್ನು ನಂಬಿ ಉಬ್ಬು ತಗ್ಗುಗಳನ್ನು ಸವರಿ ನೋಡುತ್ತಿದ್ದ ಕಸುಬುದಾರರು ಅವರು. ನಮ್ಮೂರ ಗ್ಯಾರೇಜುಗಳಲ್ಲಿ ಡೆಂಟಿಂಗ್ ಕೆಲಸ ಮಾಡುವ ಹುಡುಗರನ್ನು ಗಮನಿಸಿದವರಿಗೆ ಈ ವಿದ್ಯೆಯ ಬೆಲೆ ಗೊತ್ತು. ಶಾಲೆಯಲ್ಲಿ ಕಲಿಸದ, ಉಸ್ತಾದನ ಪಕ್ಕ ನಿಂತೇ ಕಲಿಯಬೇಕಾದ ವಿದ್ಯೆ ಅದು.

ದೊರೆಯ ಬೇಡಿಕೆ

1957 ರೇಸಿನ ಲೋಕಕ್ಕೆ ಕೆಟ್ಟ ವರ್ಷ. ಮೇ ತಿಂಗಳಲ್ಲಿ ಇಟಲಿಯ ಸಾರ್ವಜನಿಕ ರಸ್ತೆಗಳಲ್ಲಿ ನಡೆಯುತ್ತಿದ್ದ ‘ಮಿಲ್ಲೆ ಮಿಲ್ಯಾ’ ಸ್ಪರ್ಧೆಯಲ್ಲಿ ಒಂದು ಫೆರಾರಿ ಜನರ ಮೇಲೆ ನುಗ್ಗಿ ಒಂಬತ್ತು ಪ್ರೇಕ್ಷಕರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಐವರು ಮಕ್ಕಳು. ಕಾರಿನಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ನವೆಂಬರಿನಲ್ಲಿ ವೆನೆಝುವೆಲಾದ ಕರಾಕಸ್‌ನಲ್ಲಿ ಮಸೆರಾಟಿಯ ಕಾರುಗಳು ಒಂದರ ಹಿಂದೆ ಒಂದರಂತೆ ಅಪಘಾತಕ್ಕೀಡಾದವು. ಸಾಲದಲ್ಲಿ ಮುಳುಗಿದ್ದ ಕಂಪೆನಿ ತನ್ನ ರೇಸಿನ ತಂಡವನ್ನು ಮುಚ್ಚಿ, ಮಾರಾಟದ ಕಾರುಗಳತ್ತ ತಿರುಗಿತು. 3500 ಜಿಟಿ ಎಂಬ ಮಾದರಿ ಅದರ ಜೀವ ಉಳಿಸಿತು. ರೇಸಿಗಾಗಿ ಮಾಡಿದ್ದ 450ಎಸ್ ಎಂಬ ಕಾರಿನ ದೈತ್ಯ ಇಂಜಿನ್ ಮಾತ್ರ ಕೆಲಸವಿಲ್ಲದೆ ಉಳಿಯಿತು.

ಇರಾನಿನ ಶಾ ರಂಗಕ್ಕೆ ಬರುವುದು ಇಲ್ಲಿ. ವೇಗದ ಕಾರುಗಳ ಹುಚ್ಚಿದ್ದ ಶಾ 3500 ಜಿಟಿಯನ್ನು ಓಡಿಸಿ ಮೆಚ್ಚಿದರಾದರೂ, ಅದಕ್ಕಿಂತ ಮಿಗಿಲಾದ, ಇನ್ನಾರ ಬಳಿಯೂ ಇಲ್ಲದ ಕಾರು ಬೇಕೆಂದರು. ಇಂಜಿನಿಯರ್ ಜೂಲಿಯೊ ಆಲ್ಫಿಯೇರಿ ಆ ರೇಸಿನ ಎಂಟು ಸಿಲಿಂಡರಿನ ಇಂಜಿನನ್ನು ಸುಮಾರು 5 ಲೀಟರಿಗೆ ಹಿಗ್ಗಿಸಿ, ರಸ್ತೆಗೆ ಹೊಂದುವಂತೆ ಪಳಗಿಸಿ, 3500 ಜಿಟಿಯ ಬಲಪಡಿಸಿದ ಷಾಸಿಯಲ್ಲಿ ಕೂರಿಸಿದರು. ಟೂರಿಂಗ್ ಸಂಸ್ಥೆ ಮೇಲ್ಮೈಯನ್ನು ರೂಪಿಸಿತು. 1959ರಲ್ಲಿ ಸಿದ್ಧವಾದ ಈ ಕಾರಿಗೆ ‘ಪರ್ಶಿಯಾದ ಶಾ’ ಎಂಬ ಅಡ್ಡಹೆಸರೇ ನಿಂತಿತು. ಇಂತಹ ಎರಡನೆಯ ಕಾರನ್ನು ಅದೇ ವರ್ಷ ಟ್ಯೂರಿನ್ ಪ್ರದರ್ಶನದಲ್ಲಿ ಇಡಲಾಯಿತು. ಸುದ್ದಿ ಹರಡಿದಂತೆ ಫಿಯೆಟ್‌ನ ಒಡೆಯ ಜಾನ್ನಿ ಅನ್ಯೆಲ್ಲಿ, ಇಸ್ಮಾಯಿಲಿಗಳ ಇಮಾಮ್ ಕರೀಮ್ ಆಗಾ ಖಾನ್ ಮೊದಲಾದವರು ತಮಗೂ ಬೇಕೆಂದರು. ಬೇರೆ ಬೇರೆ ಕಸುಬುದಾರ ಸಂಸ್ಥೆಗಳು ಬೇರೆ ಬೇರೆ ಮೈಕಟ್ಟು ಕೊಟ್ಟವು. ಒಟ್ಟು ತಯಾರಾದದ್ದು 34. ಇಂದಿನ ಬೆಲೆಯ ಗುಟ್ಟು ಈ ಸಣ್ಣ ಸಂಖ್ಯೆಯಲ್ಲಿದೆ.

ಹಣ ಬಂದದ್ದೆಲ್ಲಿಂದ?

ಮಾರಾಟದ ಪುಸ್ತಿಕೆಗಳು ಸಾಮಾನ್ಯವಾಗಿ ‘ಶಾ ಅವರ ಸೂಕ್ಷ್ಮ ಅಭಿರುಚಿ’ ಎಂಬಲ್ಲಿಗೆ ನಿಲ್ಲುತ್ತವೆ. ನಾವು ಎಂಟು ವರ್ಷ ಹಿಂದಕ್ಕೆ ಹೋಗೋಣ. 1951ರ ಮಾರ್ಚ್‌ನಲ್ಲಿ ಇರಾನಿನ ಸಂಸತ್ತು ತನ್ನ ನೆಲದ ತೈಲವನ್ನು ರಾಷ್ಟ್ರೀಕರಣಗೊಳಿಸಿತು. ಆವರೆಗೆ ಆ ತೈಲ ಬ್ರಿಟಿಷ್ ಹಿಡಿತದ ಆಂಗ್ಲೊ ಇರಾನಿಯನ್ ಕಂಪೆನಿಯ ಕೈಯಲ್ಲಿತ್ತು. ರಾಷ್ಟ್ರೀಕರಣದ ನೇತಾರ ಡಾ. ಮುಹಮ್ಮದ್ ಮುಸದ್ದಿಕ್ ಪ್ರಧಾನಿಯಾದರು. ಬ್ರಿಟನ್ ಇರಾನಿನ ತೈಲಕ್ಕೆ ಬಹಿಷ್ಕಾರ ಹಾಕಿತು. 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳ ಗುಪ್ತಚರ ಸಂಸ್ಥೆಗಳು ಸೇರಿ ಮುಸದ್ದಿಕ್ ಸರಕಾರವನ್ನು ಉರುಳಿಸಿದವು. ಮೊದಲ ಯತ್ನ ವಿಫಲವಾದಾಗ ಶಾ ಬಗ್ದಾದಿಗೆ, ಅಲ್ಲಿಂದ ರೋಮಿಗೆ ಪಲಾಯನ ಮಾಡಿದ್ದರು. ತನ್ನ ಪ್ರಧಾನಿ ಪದಚ್ಯುತನಾದ ಸುದ್ದಿ ಅವರಿಗೆ ತಲುಪಿದ್ದು ಇಟಲಿಯ ರಾಜಧಾನಿಯ ಐಷಾರಾಮಿ ಹೋಟೆಲೊಂದರಲ್ಲಿ. ಅವರ ಮರಳುವಿಕೆಯ ದಾರಿ ಆರಂಭವಾದದ್ದೂ ಅಲ್ಲಿಂದಲೇ. ಆ ಬುಡಮೇಲು ಕೃತ್ಯದಲ್ಲಿ ತನ್ನ ಪಾತ್ರವಿತ್ತೆಂದು ಅಮೆರಿಕದ ಸಿಐಎ ತನ್ನದೇ ದಾಖಲೆಗಳಲ್ಲಿ ಒಪ್ಪಿಕೊಂಡದ್ದು ಬಹಿರಂಗವಾಗಲು 2013ರ ತನಕ ಕಾಯಬೇಕಾಯಿತು.

1954ರಲ್ಲಿ ಇರಾನಿನ ತೈಲವನ್ನು ವಿದೇಶಿ ಕಂಪೆನಿಗಳ ಒಕ್ಕೂಟಕ್ಕೆ ಒಪ್ಪಿಸಲಾಯಿತು. ಅದರಲ್ಲಿ ಬ್ರಿಟಿಷ್ ಕಂಪೆನಿಗೆ ಶೇ. 40, ಅಮೆರಿಕದ ಕಂಪೆನಿಗಳಿಗೆ ಒಟ್ಟು ಶೇ. 40, ಉಳಿದದ್ದು ಶೆಲ್ ಮತ್ತು ಫ್ರಾನ್ಸಿನ ಪಾಲು. ಇಟಲಿಗೆ ಏನೂ ಸಿಗಲಿಲ್ಲ. ಇಟಲಿಯ ಸರಕಾರಿ ತೈಲ ಸಂಸ್ಥೆ ಎನಿ. ಅದರ ಮುಖ್ಯಸ್ಥ ಎನ್ರಿಕೊ ಮತ್ತೇಯಿ ಇದರಿಂದ ಕೆರಳಿದರು. 1957ರಲ್ಲಿ ಅವರು ಇರಾನಿನ ರಾಷ್ಟ್ರೀಯ ತೈಲ ಸಂಸ್ಥೆಯೊಂದಿಗೆ ಹೊಸ ಬಗೆಯ ಒಪ್ಪಂದ ಮಾಡಿಕೊಂಡರು. ಲಾಭವನ್ನು ಅರ್ಧರ್ಧ ಹಂಚುವುದು ಆಗಿನ ರೂಢಿ. ಮತ್ತೇಯಿ ಇರಾನಿಗೆ ಶೇ. 75ರಷ್ಟು ದಕ್ಕುವ ವ್ಯವಸ್ಥೆಯನ್ನು ಮುಂದಿಟ್ಟರು. ದೊಡ್ಡ ಕಂಪೆನಿಗಳಿಗೆ ಇದು ನುಂಗಲಾರದ ತುತ್ತಾಯಿತು. 1962ರ ಅಕ್ಟೋಬರಿನಲ್ಲಿ ಮತ್ತೇಯಿ ಅವರ ವಿಮಾನ ಮಿಲಾನಿನ ಬಳಿ ಪತನವಾಗಿ ಅವರು ಸತ್ತರು. ಮೊದಲು ಅಪಘಾತವೆಂದ ಪ್ರಕರಣವನ್ನು ದಶಕಗಳ ಬಳಿಕ ಮರುತನಿಖೆ ಮಾಡಿದ ಇಟಲಿಯ ಪ್ರಾಸಿಕ್ಯೂಟರ್, ವಿಮಾನದಲ್ಲಿ ಸ್ಫೋಟಕವಿತ್ತೆಂಬ ನಿರ್ಣಯಕ್ಕೆ ಬಂದರು. ಮಾಡಿದವರು ಯಾರೆಂಬುದು ಸಾಬೀತಾಗಲಿಲ್ಲ.

ಹೀಗೆ 1950ರ ದಶಕದ ಕೊನೆಯಲ್ಲಿ ಇರಾನ್ ಮತ್ತು ಇಟಲಿಗಳ ನಡುವೆ ತೈಲ, ಹಣ, ರಾಜತಾಂತ್ರಿಕತೆಗಳ ಸಂಚಾರವಿತ್ತು. ಮೊಡೆನಾದ ಕಾರು ಅದೇ ಸಂಚಾರದ ಒಂದು ಸಣ್ಣ ಸರಕು. ಅದೇ 1957ರಲ್ಲಿ ಇರಾನಿನಲ್ಲಿ ಸಾವಾಕ್ ಎಂಬ ಗುಪ್ತ ಪೊಲೀಸ್ ಪಡೆ ಹುಟ್ಟಿಕೊಂಡಿತ್ತು ಎಂಬುದೂ ಇಲ್ಲಿ ಸೇರಬೇಕಾದ ವಿವರ. ಕಾರು ಸಿದ್ಧವಾದಾಗ ಮುಸದ್ದಿಕ್ ಮೂರು ವರ್ಷಗಳ ಸೆರೆವಾಸ ಮುಗಿಸಿ, ಅಹ್ಮದಾಬಾದ್ ಎಂಬ ತನ್ನ ಹಳ್ಳಿಯಲ್ಲಿ ಗೃಹಬಂಧನದಲ್ಲಿದ್ದರು.

ಕ್ರಾಂತಿಯ ಬಳಿಕ

ಶಾ ಅವರ ಸಂಗ್ರಹ ಬೆಳೆಯುತ್ತಲೇ ಹೋಯಿತು. 1971ರಲ್ಲಿ ಪರ್ಸೆಪೊಲಿಸ್‌ನ ಭಗ್ನಾವಶೇಷಗಳ ಬಳಿ ರಾಜಪ್ರಭುತ್ವದ 2,500 ವರ್ಷಗಳ ಉತ್ಸವ ನಡೆಯಿತು. ಡೇರೆಗಳು ಪ್ಯಾರಿಸಿನಿಂದ ಬಂದವು, ಅಡುಗೆಯವರೂ ಪ್ಯಾರಿಸಿನಿಂದ ಬಂದರು. ಲ್ಯಾಂಬೋರ್ಗಿನಿ ಕಂಪೆನಿ ಮಿಯುರಾ ಎಸ್‌ವಿಜೆ ಎಂಬ ವಿಶೇಷ ಕಾರನ್ನು ಶಾ ಅವರಿಗೆ ತಯಾರಿಸಿ ಕೊಟ್ಟದ್ದೂ ಆ ವರ್ಷವೇ. ಇತ್ತ ಸಾಮಾನ್ಯ ಇರಾನಿಯ ಕಾರು ಪೈಕಾನ್. ಬ್ರಿಟನ್ನಿನ ಹಿಲ್ಮನ್ ಹಂಟರ್ ಮಾದರಿಯನ್ನು ಆಧರಿಸಿ 1967ರಲ್ಲಿ ತಯಾರಾಗತೊಡಗಿದ ಈ ಕಾರು ಟ್ಯಾಕ್ಸಿಯಾಗಿ, ಮದುವೆಯ ದಿಬ್ಬಣವಾಗಿ, ಸಂಸಾರದ ಬಂಡಿಯಾಗಿ 2005ರ ವರೆಗೂ ತಯಾರಾಯಿತು. ದೊರೆ ಹೋದರು, ಪೈಕಾನ್ ಉಳಿಯಿತು.

1979ರ ಕ್ರಾಂತಿಯಲ್ಲಿ ಅರಮನೆಗಳ ಬಾಗಿಲು ತೆರೆದುಕೊಂಡಿತು. ಕಾರುಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಕೆಲವು ದೇಶದಲ್ಲೇ ಉಳಿದು ವಸ್ತುಸಂಗ್ರಹಾಲಯ ಸೇರಿದವು. ಕೆಲವು ಹೊರಗೆ ಹೋದವು. ಆ ಮಿಯುರಾ 1997ರಲ್ಲಿ ಜಿನೀವಾದಲ್ಲಿ ಹರಾಜಿಗೆ ಬಂದು, ಹಾಲಿವುಡ್ ನಟ ನಿಕೊಲಸ್ ಕೇಜ್ ಅದನ್ನು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ತೆತ್ತು ಕೊಂಡರು. ಒಂದು ಜನಾಂಗದ ಆಕ್ರೋಶಕ್ಕೆ ಕಾರಣವಾದ ವಸ್ತುವೇ ಇನ್ನೊಂದೆಡೆ ಬೆಲೆಯನ್ನು ಏರಿಸುವ ಪ್ರಮಾಣಪತ್ರವಾಯಿತು. ಶಾ ಎಂಬ ಹೆಸರು ಟೆಹ್ರಾನಿನ ಬೀದಿಯಲ್ಲಿ ಘೋಷಣೆಗೆ ಗುರಿಯಾಗಿತ್ತು, ಜಿನೀವಾದ ಹರಾಜು ಕಟ್ಟೆಯಲ್ಲಿ ಅದಕ್ಕೆ ಲಕ್ಷಗಟ್ಟಲೆ ಬೆಲೆ ಬಂತು.

ಜೀರ್ಣೋದ್ಧಾರ ಎಂದರೆ

ಈ ಕಾರುಗಳ ಜೀರ್ಣೋದ್ಧಾರ ಸುಲಭದ ಕೆಲಸವಲ್ಲ. ಸೂಪರ್‌ಲೆಜ್ಜೆರಾ ವಿಧಾನದಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ತೇವ ಸೇರಿದರೆ ಲೋಹ ಒಳಗಿಂದೊಳಗೇ ಕೊರೆದುಹೋಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಪಂಜರ ಪುಡಿಯಾಗಿರಬಹುದು. ಆದ್ದರಿಂದ ಕಾರನ್ನು ಪೂರ್ತಿ ಬಿಚ್ಚಿ, ಬಣ್ಣವನ್ನು ಪದರ ಪದರವಾಗಿ ತೆಗೆದು, ಕೊಳವೆಗಳನ್ನು ಬದಲಿಸಿ, ಹಾಳೆಗಳನ್ನು ಮತ್ತೆ ಬಡಿದು ಕೂರಿಸುತ್ತಾರೆ. ಸಾವಿರಾರು ಗಂಟೆಗಳ ಶ್ರಮ ಇದಕ್ಕೆ ಬೇಕು. ಸುತ್ತಿಗೆಯ ವಿದ್ಯೆ ಇಂದಿಗೂ ಬದುಕಿರುವುದಕ್ಕೆ ಈ ಹಳೆಯ ಕಾರುಗಳೂ ಒಂದು ಕಾರಣ ಎಂಬುದನ್ನು ಒಪ್ಪಬೇಕು. ಮಾಡುವ ಕೆಲಸವನ್ನು ಅತ್ಯುತ್ತಮವಾಗಿ ಮಾಡು ಎಂಬ ಇಹ್ಸಾನಿನ ಆದರ್ಶವನ್ನು ನಂಬುವ ನಾವು, ಯಾರೂ ನೋಡದ ಒಳಪಂಜರವನ್ನೂ ಪ್ರಾಮಾಣಿಕವಾಗಿ ಬೆಸೆಯುವ ಕಸುಬುದಾರನನ್ನು ಹಗುರವಾಗಿ ಕಾಣಲಾರೆವು.

ಆದರೆ ಇಹ್ಸಾನಿನ ಪಕ್ಕದಲ್ಲೇ ಇಸ್ರಾಫ್ ಎಂಬ ಎಚ್ಚರಿಕೆಯೂ ನಮ್ಮ ಪರಂಪರೆಯಲ್ಲಿದೆ. ದುಂದು ಎಂಬುದು ಖರ್ಚಿನ ಮೊತ್ತದ ಪ್ರಶ್ನೆ ಮಾತ್ರವಲ್ಲ. ಆ ಸಂಪತ್ತು ಯಾರದು, ಅದು ಯಾರ ನಡುವೆ ಮಾತ್ರ ಸುತ್ತುತ್ತಿದೆ ಎಂಬ ಪ್ರಶ್ನೆಯೂ ಹೌದು. ಇಂದು ಇಂತಹ ಕಾರುಗಳನ್ನು ಕೊಳ್ಳುವ ಅನೇಕರು ಓಡಿಸಲೆಂದು ಕೊಳ್ಳುವುದಿಲ್ಲ. ಅವರಿಗೆ ಅದು ಹೂಡಿಕೆ. ದೂರ ಪ್ರಯಾಣಕ್ಕೆಂದು ಹುಟ್ಟಿದ ಬಂಡಿ, ತೇವಾಂಶ ನಿಯಂತ್ರಿಸಿದ ಕೋಣೆಯಲ್ಲಿ ಬೀಗದೊಳಗೆ ಕುಳಿತು ಬೆಲೆ ಏರುವುದನ್ನು ಕಾಯುತ್ತದೆ.

ಇಲ್ಲಿ ಇನ್ನೊಂದು ಜೀರ್ಣೋದ್ಧಾರವನ್ನು ನೆನೆಯುವುದು ಉಚಿತ. ಮಸೆರಾಟಿ 5000 ಜಿಟಿಯ ಒಡೆಯರಲ್ಲೊಬ್ಬರಾಗಿದ್ದ, 2025ರ ಫೆಬ್ರವರಿಯಲ್ಲಿ ನಿಧನರಾದ ಆಗಾ ಖಾನ್ ಅವರ ಸಾಂಸ್ಕೃತಿಕ ಟ್ರಸ್ಟ್, ದಿಲ್ಲಿಯ ಹುಮಾಯೂನ್ ಸಮಾಧಿಯ ಪುನರುಜ್ಜೀವನಕ್ಕೆ ಕೈಹಾಕಿತು. ಪರ್ಶಿಯನ್ ಪರಂಪರೆಯ ವಾಸ್ತುಶಿಲ್ಪಿ ಮೀರಕ್ ಮಿರ್ಜಾ ಗಿಯಾಸ್ ಹದಿನಾರನೆಯ ಶತಮಾನದಲ್ಲಿ ರೂಪಿಸಿದ ಕಟ್ಟಡವದು. 2003ರಲ್ಲಿ ಉದ್ಯಾನ, 2013ರಲ್ಲಿ ಸಮಾಧಿಯ ಕೆಲಸ ಮುಗಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಛಾವಣಿಯ ಮೇಲೆ ಸುರಿದಿದ್ದ ಸುಮಾರು ಹತ್ತು ಲಕ್ಷ ಕಿಲೊ ಕಾಂಕ್ರೀಟನ್ನು ಕೈಯಿಂದಲೇ ಕಿತ್ತು ತೆಗೆಯಬೇಕಾಯಿತು. ಸಿಮೆಂಟಿನ ಬದಲು ಮತ್ತೆ ಸುಣ್ಣದ ಗಾರೆ ಬಂತು. ಮರೆತುಹೋಗಿದ್ದ ಹೆಂಚಿನ ಕಸುಬನ್ನು ಉಝ್ಬೇಕಿಸ್ತಾನದ ಉಸ್ತಾದರು ಬಂದು ನಿಝಾಮುದ್ದೀನ್ ಬಸ್ತಿಯ ಹುಡುಗರಿಗೆ ಕಲಿಸಿದರು. ಅಲ್ಲಿಯೂ ಬೇಕಾದದ್ದು ಅಪಾರ ಹಣ, ಅಪಾರ ತಾಳ್ಮೆ, ನುರಿತ ಕೈಗಳು. ವ್ಯತ್ಯಾಸವಿರುವುದು ಕೆಲಸ ಮುಗಿದ ಮೇಲೆ. ಹುಮಾಯೂನನ ಸಮಾಧಿಯನ್ನು ಸಣ್ಣ ಟಿಕೆಟು ಕೊಂಡು ಯಾರೂ ನೋಡಬಹುದು. ಒಬ್ಬನೇ ಮನುಷ್ಯನ ಕೈಯಲ್ಲಿ ಐಷಾರಾಮದ ಕಾರೂ ಸಾರ್ವಜನಿಕ ಪರಂಪರೆಯೂ ಇದ್ದವೆಂಬುದು ಸಂಪತ್ತನ್ನು ಎತ್ತ ತಿರುಗಿಸಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಇತ್ತೀಚೆಗೆ ಕಾರು ಸಂಗ್ರಾಹಕರಲ್ಲೇ ಒಂದು ಹೊಸ ವಿವೇಕ ಮೂಡಿದೆ. ಅತಿಯಾಗಿ ಉಜ್ಜಿ ಹೊಸದರಂತೆ ಮಾಡಿದ ಕಾರಿಗಿಂತ, ಹಳೆಯ ಬಣ್ಣ, ಸವೆದ ಚರ್ಮದ ಸೀಟು, ಸಣ್ಣ ಗೀರುಗಳೊಂದಿಗೆ ಉಳಿದ ಕಾರನ್ನು ಕೆಲವರು ಹೆಚ್ಚು ಗೌರವಿಸುತ್ತಾರೆ. ಗೀರೂ ಒಂದು ಸಾಕ್ಷ್ಯ ಎಂಬುದು ಅವರ ವಾದ. ಈ ವಾದವನ್ನು ನಾವು ಪೂರ್ಣಮನಸ್ಸಿನಿಂದ ಒಪ್ಪುತ್ತೇವೆ. ಆದರೆ ಅದನ್ನು ಲೋಹಕ್ಕೆ ಮಾತ್ರ ಸೀಮಿತಗೊಳಿಸುವುದೇಕೆ? ಒಡೆಯರ ಪಟ್ಟಿಯಲ್ಲಿ ಶಾ ಇದ್ದರೆ ಮುಸದ್ದಿಕ್ ಕೂಡ ಇರಬೇಕು. ಕಂಪೆನಿಯ ಚರಿತ್ರೆಯಲ್ಲಿ ಫಾಂಜಿಯೊ ಇದ್ದರೆ ಫೌಂಡ್ರಿಯ ಗೇಟಿನ ಮುಂದೆ ಸತ್ತ ಆರು ಮಂದಿಯೂ ಇರಬೇಕು. ಇವರಿಲ್ಲದ ಪುಸ್ತಿಕೆ, ಗೀರುಗಳನ್ನು ಮುಚ್ಚಿ ಬಣ್ಣ ಬಳಿದ ಕಾರಿನಂತೆಯೇ.

ಮುಸದ್ದಿಕ್ 1967ರ ಮಾರ್ಚ್ 5ರಂದು ನಿಧನರಾದರು. ರಾಷ್ಟ್ರೀಕರಣದ ಹೋರಾಟದಲ್ಲಿ 1952ರಲ್ಲಿ ಗುಂಡಿಗೆ ಬಲಿಯಾದ ಜನರ ಪಕ್ಕದಲ್ಲಿ ತನ್ನನ್ನು ದಫನ ಮಾಡಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಶಾ ಸರಕಾರ ಒಪ್ಪಲಿಲ್ಲ. ಅಹ್ಮದಾಬಾದಿನ ಅವರ ಮನೆಯ ಊಟದ ಕೋಣೆಯ ನೆಲವನ್ನು ಅಗೆದು ಅಲ್ಲಿಯೇ ದಫನ ಮಾಡಲಾಯಿತು. ಅವರು ಇಂದಿಗೂ ಅಲ್ಲಿಯೇ ಇದ್ದಾರೆ.